ಡ್ಯಾಂ ತುಂಬಿದರೂ ನಮ್ಮ ಓಣಿಗೆ ನಳ ಯಾಕೆ ತಡ?

ಪ್ರಶ್ನೆ: ನಾವು ಹಳೇ ಹುಬ್ಬಳ್ಳಿಯವರು. ಮಲಪ್ರಭಾ ಡ್ಯಾಂ ತುಂಬಿದೆ ಅಂತ ಪೇಪರಿನಲ್ಲಿ ಓದುತ್ತೇವೆ. ಆದರೂ ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ ನಳ ಬರುತ್ತದೆ. ನನ್ನ ತಂಗಿಯ ಮನೆಯೂ ಇದೇ ಊರಿನಲ್ಲಿದೆ, ಅಲ್ಲಿ ದಿನವಿಡೀ ನೀರು. ಇಲ್ಲಿ ನೀರೇ ಸಾಲುತ್ತಿಲ್ಲವೋ, ಹಂಚುವುದು ಸರಿ ಇಲ್ಲವೋ? ಇನ್ನೊಂದು ಡ್ಯಾಂ ಆದರೆ ಸರಿ ಹೋಗುತ್ತದಾ? ನಳ ಬಿಟ್ಟಾಗ ಮೊದಲು ಬರುವ ಕೆಂಪು ನೀರು ಕುಡಿಯಬಹುದಾ?

ಉತ್ತರ: ಅಕ್ಕಾರ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕುಡಿಯಬೇಡಿ. ನಳ ಬಂದ ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಬಕೆಟ್ಟಿನಲ್ಲಿ ಬೇರೆ ಹಿಡಿದಿಟ್ಟು ಸಂಡಾಸಿಗೆ, ಅಂಗಳ ತೊಳೆಯಲು ಬಳಸಿ. ಬಣ್ಣ ತಿಳಿಯಾಗಿ, ಗಾಳಿ ಉಗುಳುವುದು ನಿಂತ ಮೇಲೆ ಕುಡಿಯುವ ನೀರು ಹಿಡಿಯಿರಿ. ಅದನ್ನೂ ಕುದಿಸಿಯೇ ಕುಡಿಯಿರಿ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಇನ್ನು ನೀರು ಸಾಲುತ್ತಿಲ್ಲವೋ, ಹಂಚುವುದು ಸರಿ ಇಲ್ಲವೋ ಅನ್ನುವುದು. ಎರಡೂ ಸ್ವಲ್ಪ ಸ್ವಲ್ಪ ಇದೆ. ಆದರೆ ನಿಮ್ಮ ಓಣಿಯ ತೊಂದರೆ ಡ್ಯಾಮಿನಲ್ಲಿ ಕಡಿಮೆ, ನೆಲದೊಳಗಿನ ಪೈಪಿನಲ್ಲಿ ಜಾಸ್ತಿ. ಸುಮ್ನೆ ಹೇಳಿದರೆ ನಂಬಿಕೆ ಬರುವುದಿಲ್ಲ, ಲೆಕ್ಕ ಹಾಕಿಯೇ ನೋಡೋಣ.

2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನ ಸುಮಾರು 9.4 ಲಕ್ಷ. ಈಗ ಅದಕ್ಕಿಂತ ಜಾಸ್ತಿಯೇ ಇದ್ದಾರೆ, ಲೆಕ್ಕಕ್ಕೆ ಸುಲಭವಾಗಲಿ ಅಂತ 10 ಲಕ್ಷ ಹಿಡಿಯೋಣ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನೋದು ಸರಕಾರದ ಮಾನದಂಡ. ಅಂದರೆ ದಿನಕ್ಕೆ 13.5 ಕೋಟಿ ಲೀಟರ್. ನಮ್ಮ ಇಲಾಖೆ ಭಾಷೆಯಲ್ಲಿ 135 ಎಂಎಲ್‌ಡಿ. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 1.75 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ದಾರಿಯಲ್ಲಿ ನೂರಕ್ಕೆ ಮೂವತ್ತು ಪಾಲು ಸೋರಿ ಹೋಗುತ್ತದೆ ಅಂತ ಇಟ್ಟುಕೊಂಡರೂ ಎರಡೂವರೆ ಟಿಎಂಸಿ ಬೇಕು. ನೀವು ಹೇಳುವ ಮಲಪ್ರಭಾ ಡ್ಯಾಂ ಇರುವುದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ. ಅದರ ಹಿಂದೆ ನಿಲ್ಲುವ ರೇಣುಕಾಸಾಗರದ ಪೂರ್ತಿ ಸಾಮರ್ಥ್ಯ 37.73 ಟಿಎಂಸಿ. ತುಂಬಿದ ವರ್ಷದಲ್ಲಿ ಇಡೀ ಅವಳಿ ನಗರ ಕುಡಿದು, ಮಿಂದು, ತೊಳೆದು, ಸೋರಿಸಿದರೂ ಅದರ ಹದಿನೈದನೇ ಒಂದು ಪಾಲು ಮುಟ್ಟುತ್ತದೆ ಅಷ್ಟೇ.

ಎಲ್ಲ ವರ್ಷವೂ ಅದು ತುಂಬುವುದಿಲ್ಲ ಅನ್ನೋದೂ ನಿಜ. ಖಾನಾಪುರದ ಕಣಕುಂಬಿ ಕಡೆ ಮಳೆ ಕೈಕೊಟ್ಟರೆ ಮಲಪ್ರಭೆ ಸೊರಗುತ್ತದೆ. ಕಾಲುವೆ ನೀರಿಗೆ ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಕಡೆಯ ರೈತರು ಕಾದಿರುತ್ತಾರೆ, ಅವರ ಹೊಲವೂ ಒಣಗಬಾರದು. ಅದಕ್ಕೇ ಮಹದಾಯಿ ನೀರಿಗಾಗಿ ಇಷ್ಟು ವರ್ಷ ಹೋರಾಟ ನಡೆದದ್ದು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ 3.9 ಟಿಎಂಸಿ ಒಪ್ಪಿತು. ಅದು ನಮ್ಮ ಹಕ್ಕಿನ ನೀರು, ಬಿಡುವ ಮಾತೇ ಇಲ್ಲ. ಆದರೆ ಆ ನೀರು ನಾಳೆಯೇ ಬಂದು ಡ್ಯಾಂ ಸೇರಿದರೂ ನಿಮ್ಮ ಓಣಿಯ ನಳ ಎರಡು ದಿನಕ್ಕೊಮ್ಮೆ ಆಗಿಬಿಡುತ್ತದೆ ಅಂತ ನಾನು ಹೇಳಲಾರೆ.

ಈ ಊರು ನೀರಿಗಾಗಿ ಪ್ರತಿ ಸಲ ಇನ್ನಷ್ಟು ದೂರ ಹೋಗುತ್ತಲೇ ಬಂದಿದೆ. ಮೊದಲು ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ. ಊರು ಬೆಳೆಯಿತು, ಕೆರೆ ಸಾಲಲಿಲ್ಲ. 1950ರ ದಶಕದಲ್ಲಿ ಕಲಘಟಗಿ ತಾಲ್ಲೂಕಿನಲ್ಲಿ ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ ನೀರಸಾಗರ ಮಾಡಿದರು. ಅದರ ನೀರು ಕಣವಿಹೊನ್ನಾಪುರದಲ್ಲಿ ಶುದ್ಧವಾಗಿ ಹುಬ್ಬಳ್ಳಿಗೆ ಬರುತ್ತಿತ್ತು. ಅದೂ ಸಾಲದಾಯಿತು. 1980ರ ದಶಕದಲ್ಲಿ ಸವದತ್ತಿಯಿಂದ ಮಲಪ್ರಭೆಯನ್ನು ತಂದರು. 2019ಕ್ಕೆ ಮುಂಚಿನ ಬರದ ವರ್ಷಗಳಲ್ಲಿ ನೀರಸಾಗರದ ಅಂಗಳ ಬಿರುಕು ಬಿಟ್ಟು ಬತ್ತಿ ಹೋದಾಗ ಊರು ಉಸಿರಾಡಿದ್ದು ಮಲಪ್ರಭೆಯಿಂದಲೇ. ಮೂಲ ಒಂದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು ಅನ್ನೋದು ಅಲ್ಲಿಂದ ಕಲಿಯುವ ಮಾತು. ಆದರೆ ಪ್ರತಿ ಹೊಸ ಮೂಲ ಬಂದಾಗಲೂ ಊರೊಳಗಿನ ಪೈಪು ಮಾತ್ರ ಬಹುಪಾಲು ಹಳೆಯದೇ ಉಳಿಯಿತು. ನನಗೆ ಸಂಕಟ ಆಗುವುದು ಇಲ್ಲೇ. ಡ್ಯಾಂ ಕಣ್ಣಿಗೆ ಕಾಣುತ್ತದೆ, ಶಂಕುಸ್ಥಾಪನೆಗೆ ಕಲ್ಲು ಸಿಗುತ್ತದೆ. ಮಣ್ಣಿನೊಳಗಿನ ಪೈಪು ಯಾರಿಗೂ ಕಾಣುವುದಿಲ್ಲ.

ಸವದತ್ತಿಯಿಂದ ನಿಮ್ಮ ಮನೆವರೆಗಿನ ದಾರಿ ಒಮ್ಮೆ ನೋಡೋಣ. ಹಿನ್ನೀರಿನಲ್ಲಿ ಜಾಕ್‌ವೆಲ್ ಇದೆ, ಅಂದರೆ ಪಂಪು ಕೂರಿಸಿದ ದೊಡ್ಡ ಬಾವಿ. ಡ್ಯಾಂ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ ಸುಮಾರು 634 ಮೀಟರ್. ಧಾರವಾಡ ಊರು 700 ಮೀಟರಿಗಿಂತ ಮೇಲಿದೆ. ಅಂದರೆ ನೀರು ತಾನಾಗಿ ಹರಿದು ಬರುವುದಿಲ್ಲ, ಪ್ರತಿ ಹನಿಯನ್ನೂ ಎತ್ತಬೇಕು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಒಳ್ಳೆಯ ಪಂಪಿಗೂ ಸುಮಾರು 0.4 ಯೂನಿಟ್ ಕರೆಂಟ್ ಬೇಕು. ದಿನಕ್ಕೆ 100 ಎಂಎಲ್‌ಡಿ ಎತ್ತಿದರೆ 40 ಸಾವಿರ ಯೂನಿಟ್. ಪೈಪಿನ ಒಳಮೈಗೆ ಉಜ್ಜಿ ಕಳೆದುಕೊಳ್ಳುವ ಒತ್ತಡದ ಲೆಕ್ಕ ಬೇರೆ. ಹೀಗೆ ಎತ್ತಿ ತಂದು ಸೋರಿಸಿದರೆ ಬರೀ ನೀರಲ್ಲ, ಕರೆಂಟಿನ ದುಡ್ಡೂ ಮಣ್ಣುಪಾಲು.

ಕರೆಂಟ್ ಹತ್ತು ನಿಮಿಷ ಟ್ರಿಪ್ ಆದರೂ ನಿಮ್ಮ ಸರದಿ ಒಂದು ದಿನ ಹಿಂದೆ ಹೋಗುವುದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಪಂಪು ಥಟ್ಟನೆ ನಿಂತಾಗ ಉದ್ದನೆಯ ಪೈಪಿನಲ್ಲಿ ಓಡುತ್ತಿದ್ದ ನೀರು ಹಿಂದಕ್ಕೆ ಬಡಿಯುತ್ತದೆ. ಕೆಲವೊಮ್ಮೆ ಆ ಪೆಟ್ಟಿಗೆ ಜೋಡಣೆಯೇ ಬಿಟ್ಟುಹೋಗುತ್ತದೆ. ಮತ್ತೆ ಪಂಪು ಹಚ್ಚುವಾಗ ಒಂದೊಂದಾಗಿ, ನಿಧಾನಕ್ಕೆ ಹಚ್ಚಬೇಕು, ಏರ್ ವಾಲ್ವಿನಿಂದ ಗಾಳಿ ಹೊರಹಾಕಬೇಕು. ಅಷ್ಟರಲ್ಲಿ ಊರಿನ ಟಾಕಿಗಳ ಮಟ್ಟ ಇಳಿದಿರುತ್ತದೆ. ಟಾಕಿ ತುಂಬದೆ ವಾಲ್ವ್ ತೆರೆದರೆ ಕೊನೆಯ ಮನೆಗಳಿಗೆ ಹನಿಯೂ ಹೋಗುವುದಿಲ್ಲ. ಅದಕ್ಕೇ ಸರದಿ ಮುಂದೂಡುತ್ತಾರೆ.

ಮಲಪ್ರಭೆಯ ನೀರು ಧಾರವಾಡದ ಹತ್ತಿರದ ಅಮ್ಮಿನಭಾವಿಯಲ್ಲಿ ಶುದ್ಧವಾಗುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಬರುವ ನೀರು ಚಹಾ ಬಣ್ಣಕ್ಕಿರುತ್ತದೆ. ಅದಕ್ಕೆ ಆಲಂ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಅನ್ನುವುದನ್ನು ಅಂದಾಜಿನ ಮೇಲೆ ಬಿಡುವುದಿಲ್ಲ. ಇಂಥ ಘಟಕಗಳಲ್ಲಿ ಸಾಲಾಗಿ ಇಟ್ಟ ಗಾಜಿನ ಪಾತ್ರೆಗಳಲ್ಲಿ ಅದೇ ದಿನದ ನೀರು ತೆಗೆದುಕೊಂಡು, ಒಂದಕ್ಕಿಂತ ಒಂದಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಆಲಂ ಹಾಕಿ ಕಲಕುತ್ತಾರೆ. ಯಾವ ಪಾತ್ರೆಯಲ್ಲಿ ಕೆಸರು ಬೇಗ ಗಂಟುಕಟ್ಟಿ ತಳಕ್ಕೆ ಕೂರುತ್ತದೋ ಆ ಪ್ರಮಾಣವೇ ಆ ದಿನಕ್ಕೆ. ಆಮೇಲೆ ಮರಳಿನ ಫಿಲ್ಟರ್, ಕೊನೆಗೆ ಕ್ಲೋರಿನ್. ಸರಿಯಾಗಿ ನಡೆಸಿದ ಘಟಕದಿಂದ ಹೊರಬರುವ ನೀರನ್ನು ನಾನು ಧೈರ್ಯವಾಗಿ ಕುಡಿಯುತ್ತೇನೆ. ಕೆಡುವುದು ಆಮೇಲೆ.

ಆಮೇಲೆ ಅಂದರೆ, ನಿಮ್ಮ ಓಣಿಯ ಪೈಪಿನಲ್ಲಿ. ಐದು ದಿನಕ್ಕೊಮ್ಮೆ ಮೂರು ತಾಸು ನಳ ಬಿಟ್ಟರೆ ಉಳಿದ 117 ತಾಸು ಆ ಪೈಪು ಖಾಲಿ, ಇಲ್ಲವೇ ಅರ್ಧ ಖಾಲಿ. ಬಹಳಷ್ಟು ಹಳೆಯ ಓಣಿಗಳಲ್ಲಿ ಮನೆಗೆ ಬರುವ ಅರ್ಧ ಇಂಚಿನ ಕಬ್ಬಿಣದ ಪೈಪು ಗಟಾರದೊಳಗೇ ಹಾದು ಬರುತ್ತದೆ. ನಿಮ್ಮ ಮನೆ ಮುಂದೆ ಒಮ್ಮೆ ಬಗ್ಗಿ ನೋಡಿ. ಗಟಾರದ ನೀರು ಮುಟ್ಟುವ ಜಾಗದಲ್ಲೇ ಅದು ತುಕ್ಕು ಹಿಡಿದು ಚಕ್ಕೆ ಎದ್ದಿರುತ್ತದೆ. ನೀರು ಒತ್ತಡದಲ್ಲಿದ್ದಾಗ ಅಲ್ಲಿನ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರಲಾರದು. ವಾಲ್ವ್ ಮುಚ್ಚಿದ ಮೇಲೆ ತಗ್ಗಿನ ಮನೆಯವರು ಕೊನೆಯ ನೀರನ್ನು ಎಳೆದುಕೊಳ್ಳುವಾಗ ಪೈಪಿನೊಳಗೆ ನಿರ್ವಾತ ಆಗುತ್ತದೆ. ಆಗ ಅದೇ ತೂತು ಗಟಾರದ ನೀರನ್ನು ಒಳಗೆ ಹೀರುತ್ತದೆ. ಯಾರಾದರೂ ನೇರ ಪೈಪಿಗೇ ಮೋಟರ್ ಹಚ್ಚಿದರೆ ಈ ಹೀರುವಿಕೆ ಇನ್ನೂ ಜೋರು. ಮುಂದಿನ ಸಲ ನಳ ಬಂದಾಗ ಮೊದಲು ಬರುವುದು ಇದೇ ನೀರು. ಒಳಗೆ ಕೂತ ತುಕ್ಕನ್ನೂ ಕೊಚ್ಚಿಕೊಂಡು ಬರುತ್ತದೆ, ಅದಕ್ಕೆ ಕೆಂಪು. ಬರೀ ತುಕ್ಕಾದರೆ ಅಷ್ಟು ಭಯವಿಲ್ಲ. ಕಣ್ಣಿಗೆ ಕಾಣದ್ದೇ ಭಯ.

ಇದು ನನ್ನ ಊಹೆಯಲ್ಲ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010-11ರಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ನಳದ ನೀರು ಪರೀಕ್ಷೆ ಮಾಡಿದರು. ಸರದಿಯಲ್ಲಿ ನೀರು ಬರುವ ವಾರ್ಡುಗಳ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಇ-ಕೋಲಿ ಸಿಕ್ಕಿತು. ಮಲ ಬೆರೆತಿದೆ ಅನ್ನುವುದಕ್ಕೆ ಅದು ಗುರುತು. ದಿನವಿಡೀ ನೀರು ಬರುವ ವಾರ್ಡುಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಊರು ಅದೇ, ನದಿ ಅದೇ, ವ್ಯತ್ಯಾಸ ಪೈಪಿನದು. ಆದರೆ ದಿನವಿಡೀ ನೀರು ಬಂದ ಮಾತ್ರಕ್ಕೆ ಮಕ್ಕಳ ಭೇದಿ ಎಲ್ಲ ಕಡೆ ಕಡಿಮೆಯಾಗಲಿಲ್ಲ ಅಂತಲೂ ಅದೇ ವಿಶ್ವವಿದ್ಯಾಲಯದವರ ಮುಂದಿನ ಅಧ್ಯಯನದಲ್ಲಿ ಕಂಡಿತು. ಬಡ ಮನೆಗಳ ಮಕ್ಕಳಲ್ಲಿ ರಕ್ತ ಭೇದಿ ಕಡಿಮೆ ಇತ್ತು, ಟೈಫಾಯ್ಡ್ ಬಂದ ಮನೆಗಳೂ ಕಡಿಮೆ ಇದ್ದವು. ಕೈ ತೊಳೆಯುವುದು, ಪಾತ್ರೆ ಮುಚ್ಚುವುದು, ಶೌಚಾಲಯ, ಇವೆಲ್ಲ ನಳದ ಆಚೆಗಿನವು ಅಲ್ವಾ.

ನಿಮ್ಮ ತಂಗಿಯ ಮನೆಗೆ ಬರೋಣ. ಅವರ ವಾರ್ಡು ಬಹುಶಃ 24×7 ಯೋಜನೆಯಲ್ಲಿ ಸೇರಿದ್ದು. ವಿಶ್ವಬ್ಯಾಂಕಿನ ಸಾಲದಲ್ಲಿ 2000ದ ದಶಕದ ನಡುವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ ಇದನ್ನು ಮಾಡಿ ನೋಡಿದರು. ನಮ್ಮಲ್ಲಿ ಆಗಿನ 67 ವಾರ್ಡುಗಳಲ್ಲಿ 8 ಆರಿಸಿಕೊಂಡರು, ಜನಸಂಖ್ಯೆಯ ಸುಮಾರು ಹತ್ತನೇ ಒಂದು ಪಾಲು. ಆಗ ಎಲ್ಲರೂ ಹೇಳಿದ ಮಾತು ಒಂದೇ: ವಾರಕ್ಕೊಮ್ಮೆ ಕೊಡಲು ನೀರಿಲ್ಲ, ದಿನವಿಡೀ ಎಲ್ಲಿಂದ ಕೊಡುತ್ತಾರೆ? ಕೊಟ್ಟರು. ಹೊಸ ಡ್ಯಾಂ ಕಟ್ಟಿ ಕೊಡಲಿಲ್ಲ. ಆ ವಾರ್ಡುಗಳ ಹಳೇ ಪೈಪನ್ನು ಕೈಬಿಟ್ಟು ಹೊಸ ಪ್ಲಾಸ್ಟಿಕ್ ಪೈಪು ಹಾಕಿದರು, ಮನೆ ಸಂಪರ್ಕವನ್ನೂ ಬದಲಿಸಿದರು, ಪ್ರತಿ ಮನೆಗೆ ಮೀಟರ್ ಕೂರಿಸಿದರು.

ಪೈಪು ಬದಲಿಸಿದರೆ ಅಷ್ಟು ಫರಕು ಯಾಕೆ? ಐದು ಜನರ ಮನೆಗೆ ದಿನಕ್ಕೆ 675 ಲೀಟರ್ ಬೇಕು. ಐದು ದಿನಕ್ಕೊಮ್ಮೆ ನಳ ಬಂದರೆ ಆ ಮೂರು ತಾಸಿನಲ್ಲಿ 3,375 ಲೀಟರ್ ತುಂಬಿಕೊಳ್ಳಬೇಕು, ಅಂದರೆ ತಾಸಿಗೆ 1,125. ನೀವೊಬ್ಬರೇ ಅಲ್ಲ, ಇಡೀ ಓಣಿ ಅದೇ ಹೊತ್ತಿಗೆ ತುಂಬಿಕೊಳ್ಳುತ್ತದೆ. ದಿನವಿಡೀ ನೀರಿದ್ದರೆ ಅದೇ ಮನೆಗೆ ತಾಸಿಗೆ ಸರಾಸರಿ 28 ಲೀಟರ್, ಬೆಳಗಿನ ಗಡಿಬಿಡಿಯಲ್ಲಿ ಅದರ ಮೂರು ಪಟ್ಟು ಅಂದರೂ 84. ಹದಿಮೂರು ಪಟ್ಟು ವ್ಯತ್ಯಾಸ. ಆ ಹದಿಮೂರು ಪಟ್ಟನ್ನು ಹೊರುವಷ್ಟು ದಪ್ಪದ ಪೈಪು ಯಾವ ಓಣಿಯಲ್ಲೂ ಇಲ್ಲ. ಹಾಗಾಗಿ ವಾಲ್ವಿನ ಹತ್ತಿರದವರ ಸಂಪ್ ತುಂಬಿ ರಸ್ತೆಗೆ ಹರಿಯುತ್ತದೆ, ಕೊನೆಯ ಮನೆಯವರು ಕೊಡದ ಮುಂದೆ ಕೂತೇ ಇರುತ್ತಾರೆ. ಅವರ ಸಿಟ್ಟಿಗೆ ಸಿಗುವವನು ಕೀಲಿ ಹಿಡಿದು ನಿಂತ ವಾಲ್ವ್‌ಮನ್. ಅವನ ಕೈಯಲ್ಲಿ ಇರುವುದು ಕೀಲಿ ಮಾತ್ರ, ಒತ್ತಡ ಅವನ ಕೈಯಲ್ಲಿಲ್ಲ. ದಯವಿಟ್ಟು ಅವನನ್ನು ಬೈಯಬೇಡಿ.

ಸರದಿ ದೂರವಾದಷ್ಟೂ ನೀರು ಪೋಲಾಗುವುದೂ ಜಾಸ್ತಿ. ಮತ್ತೆ ಯಾವಾಗ ಬರುತ್ತದೋ ಅನ್ನುವ ಭಯಕ್ಕೆ ಹೊಸ ನೀರು ಬಂದ ಕೂಡಲೇ ಬ್ಯಾರಲಿನ ಹಳೇ ನೀರು ಚೆಲ್ಲುತ್ತೇವೆ. ನಡುರಾತ್ರಿ ಬಂದರೆ ಗೊತ್ತಾಗಲಿ ಅಂತ ನಳ ತೆರೆದೇ ಮಲಗುತ್ತೇವೆ. ಜನರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನಂಬಿಕೆ ಇಲ್ಲದ ನಳದ ಮುಂದೆ ಯಾರಾದರೂ ಹೀಗೇ ಮಾಡುತ್ತಾರೆ.

ಇನ್ನು ನೆಲದೊಳಗಿನ ಸೋರಿಕೆ. ಪೈಪಿನಲ್ಲಿ ಜೋಳದ ಕಾಳಿನಷ್ಟು ತೂತು ಇದೆ ಅನ್ನಿ, ಸುಮಾರು ಐದು ಮಿಲಿಮೀಟರ್. ನೀರಿಗೆ 20 ಮೀಟರ್ ಎತ್ತರಕ್ಕೆ ಏರಬಲ್ಲ ಒತ್ತಡ ಇದೆ ಅನ್ನಿ. ಆ ಒಂದು ತೂತಿನಿಂದ ದಿನಕ್ಕೆ ಸುಮಾರು 20 ಸಾವಿರ ಲೀಟರ್ ಹೋಗುತ್ತದೆ. ಮೂವತ್ತು ಮನೆಗಳ ನೀರು! ಹುಬ್ಬಳ್ಳಿಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ, ಪೈಪಿನ ಕೀಲು ಪ್ರತಿ ವರ್ಷ ಅಲುಗುತ್ತದೆ. ಸೋರಿದ ನೀರು ಮೇಲೆ ಬಂದರೆ ಪುಣ್ಯ, ಎಷ್ಟೋ ಸಲ ಗಟಾರಕ್ಕೋ ಹಳೇ ಬಾವಿಗೋ ದಾರಿ ಮಾಡಿಕೊಳ್ಳುತ್ತದೆ.

ಇದನ್ನು ಹುಡುಕುವ ಕೆಲಸ ನನಗೆ ಬಹಳ ಇಷ್ಟ. ಒಂದಿಷ್ಟು ಓಣಿಗಳನ್ನು ಸೇರಿಸಿ ಒಂದು ವಲಯ ಮಾಡಿ, ಅದರೊಳಗೆ ನೀರು ಹೋಗುವ ಬಾಯಿಗೆ ಒಂದು ದೊಡ್ಡ ಮೀಟರ್ ಕೂರಿಸುತ್ತೇವೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ಆ ಮೀಟರ್ ನೋಡಬೇಕು. ಊರೆಲ್ಲ ಮಲಗಿದೆ, ಯಾರೂ ನೀರು ಬಳಸುತ್ತಿಲ್ಲ. ಆದರೂ ಮೀಟರಿನ ಮುಳ್ಳು ಓಡುತ್ತಿದ್ದರೆ ಅದರಲ್ಲಿ ಬಹುಪಾಲು ಸೋರಿಕೆಯೇ. ಆಮೇಲೆ ಒಂದೊಂದೇ ಓಣಿಯ ವಾಲ್ವ್ ಮುಚ್ಚುತ್ತಾ ಹೋಗುತ್ತೇವೆ. ಯಾವ ವಾಲ್ವ್ ಮುಚ್ಚಿದಾಗ ಮುಳ್ಳಿನ ಓಟ ಇಳಿಯಿತೋ ಆ ಓಣಿಗೆ ಹೋಗಿ, ಕಬ್ಬಿಣದ ಸಲಾಕೆಯ ಒಂದು ತುದಿ ವಾಲ್ವಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕೇಳುತ್ತೇವೆ. ಸೋರಿಕೆ ಹತ್ತಿರವಿದ್ದರೆ ಬುಸ್ ಅನ್ನುವ ಸಣ್ಣ ಸದ್ದು ಬಿಡದೆ ಕೇಳುತ್ತದೆ. ಇದಕ್ಕೆ ಈಗ ಎಲೆಕ್ಟ್ರಾನಿಕ್ ಯಂತ್ರಗಳೂ ಇವೆ. ಆದರೆ ಇದೆಲ್ಲ ನಡೆಯುವುದು ಪೈಪು ರಾತ್ರಿಯೂ ತುಂಬಿ ಒತ್ತಡದಲ್ಲಿದ್ದರೆ ಮಾತ್ರ. ಐದು ದಿನಕ್ಕೊಮ್ಮೆ ಮೂರು ತಾಸು ತುಂಬುವ ಪೈಪಿನಲ್ಲಿ, ಎಲ್ಲರ ನಳ ತೆರೆದಿರುವಾಗ, ಸೋರಿಕೆ ಎಲ್ಲಿ ಅಂತ ಹುಡುಕುವುದು ಆಗದ ಮಾತು. ಸೋರಿಕೆ ನಿಲ್ಲಿಸಿದ ಮೇಲೆ 24 ತಾಸು ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅದು ತಲೆಕೆಳಗಾದ ಮಾತು. ವಲಯ ವಲಯವಾಗಿ ಪೈಪು ಹೊಸದು ಮಾಡಿ ಮೊದಲು ತುಂಬಿಡಬೇಕು, ಆಗಲೇ ಸೋರಿಕೆ ಕೈಗೆ ಸಿಗುವುದು.

ಹಾಗಾದರೆ ಇಡೀ ಊರಿಗೆ ಯಾಕೆ ಆಗಲಿಲ್ಲ ಅಂತ ಕೇಳುತ್ತೀರಿ. ಕೇಳಲೇಬೇಕು. ಎಂಟು ವಾರ್ಡಿನ ಪ್ರಯೋಗ ಗೆದ್ದದ್ದು ಎಲ್ಲರಿಗೂ ಕಂಡಿತ್ತು. ಇಡೀ ಊರಿಗೆ ವಿಸ್ತರಿಸುವ ಗುತ್ತಿಗೆ ಕೈಸೇರುವ ಹೊತ್ತಿಗೆ ಹತ್ತು ವರ್ಷದ ಮೇಲಾಗಿತ್ತು. ಆ ವರ್ಷಗಳಲ್ಲಿ ಊರು ಇನ್ನಷ್ಟು ಬೆಳೆಯಿತು, ಹೊಸ ಬಡಾವಣೆಗಳಿಗೆ ಹಳೇ ಪೈಪಿನ ತುದಿಯಿಂದಲೇ ನೀರು ಎಳೆದುಕೊಟ್ಟರು. ಇಂಥ ಕೆಲಸ ತಡವಾದರೆ ಬೆಲೆ ತೆರುವವರು ಸಂಪ್ ಇಲ್ಲದ ಮನೆಯವರು. ಎಂಟು ಸಾವಿರ ಲೀಟರಿನ ಸಂಪ್ ಇರುವವರಿಗೆ ಐದು ದಿನದ ಅಂತರ ಅಷ್ಟಾಗಿ ಮುಟ್ಟುವುದಿಲ್ಲ. ಎರಡು ಬ್ಯಾರಲ್ ಇರುವ ಮನೆಯ ಹೆಂಗಸು ನಳ ಬರುವ ದಿನ ಕೂಲಿ ಬಿಡಬೇಕಾಗುತ್ತದೆ. ಮೀಟರ್ ಬಂದರೆ ಬಿಲ್ ಏರುತ್ತದೆ ಅನ್ನುವ ಭಯವೂ ಈ ಮನೆಗಳಲ್ಲೇ ಜಾಸ್ತಿ. ಅದು ಸುಳ್ಳು ಭಯವಲ್ಲ. ಬದುಕಿಗೆ ಬೇಕಾದಷ್ಟು ನೀರಿಗೆ ತೀರಾ ಕಡಿಮೆ ದರ, ಕಾರು ತೊಳೆಯುವ ನೀರಿಗೆ ಹೆಚ್ಚು ದರ ಅಂತ ಇಟ್ಟರೆ ಮಾತ್ರ ಮೀಟರ್ ನ್ಯಾಯವಾಗುತ್ತದೆ.

ಇನ್ನೊಂದು ಡ್ಯಾಂ ಆಗಬೇಕೋ ಅಂದರೆ, ಮೂಲವನ್ನು ಭದ್ರ ಮಾಡಿಕೊಳ್ಳಲೇಬೇಕು, ಸವದತ್ತಿಯಿಂದ ಎತ್ತುವ ಪಂಪು ಪೈಪಿನ ಸಾಮರ್ಥ್ಯವೂ ಊರಿನ ಜೊತೆ ಬೆಳೆಯಬೇಕು. ಆದರೆ ಇರುವ ದುಡ್ಡಿನಲ್ಲಿ ಮೊದಲ ರೂಪಾಯಿ ಎಲ್ಲಿಗೆ ಅಂತ ನನ್ನನ್ನು ಕೇಳಿದರೆ, ಓಣಿಯ ಪೈಪಿಗೆ.

ಅಲ್ಲಿಯವರೆಗೆ ನೀವು ಮಾಡಬಹುದಾದ ಕೆಲಸ ಇದೆ. ಗಟಾರದೊಳಗಿನ ನಿಮ್ಮ ಮನೆಯ ಪೈಪನ್ನು ಪ್ಲಂಬರ್ ಕರೆಸಿ ಮೇಲಕ್ಕೆ ಎತ್ತಿಸಿ, ಆಗದಿದ್ದರೆ ನಡುವೆ ಜೋಡಣೆ ಇಲ್ಲದ ಪ್ಲಾಸ್ಟಿಕ್ ಪೈಪು ಹಾಕಿಸಿ. ಪಾಲಿಕೆಯ ಪೈಪು ಮುಟ್ಟುವ ಮುಂಚೆ ಕಚೇರಿಗೆ ತಿಳಿಸಿ. ನೇರ ಲೈನಿಗೆ ಮೋಟರ್ ಹಚ್ಚಬೇಡಿ. ಸಂಪಿಗೆ ಇಳಿಸಿಕೊಂಡು ಅಲ್ಲಿಂದ ಎತ್ತಿ, ಇಲ್ಲದಿದ್ದರೆ ಪಕ್ಕದ ಮನೆಯ ಗಟಾರದ ನೀರೂ ನಿಮ್ಮ ಮನೆಗೇ ಬರುತ್ತದೆ. ಸಂಪಿನ ಮುಚ್ಚಳ ರಸ್ತೆ ಮಟ್ಟಕ್ಕಿಂತ ಮೇಲಿರಲಿ. ಶಂಕೆ ಬಂದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ, ಒಂದು ತಾಸು ಬಿಡಿ. ನೀರು ಕೆಂಪಗಿದ್ದಾಗ ಇದು ಕೆಲಸ ಮಾಡುವುದಿಲ್ಲ. ತೆರೆದಿಟ್ಟ ಹಳೇ ಪೌಡರಿನಲ್ಲೂ ಶಕ್ತಿ ಇರುವುದಿಲ್ಲ.

ಮುಂದಿನ ಸಲ ವಾರ್ಡ್ ಸಭೆಗೆ ಹೋದಾಗ ಡ್ಯಾಮಿನ ಮಟ್ಟ ಕೇಳಬೇಡಿ, ಅದು ಪೇಪರಿನಲ್ಲೇ ಸಿಗುತ್ತದೆ. ನಿಮ್ಮ ವಲಯಕ್ಕೆ ಎಷ್ಟು ನೀರು ಹೋಯಿತು, ಮನೆ ಮೀಟರುಗಳಲ್ಲಿ ಎಷ್ಟು ಬಂತು, ಎರಡನ್ನೂ ಕೇಳಿ. ನಿಮ್ಮ ಓಣಿಯ ಹಳೇ ಪೈಪು ಬದಲಿಸುವ ತಿಂಗಳು ಯಾವುದು ಅಂತ ಬರೆದು ಕೊಡಲು ಹೇಳಿ. ನಳ ಬಿಟ್ಟ ದಿನ ಓಣಿಯ ಕೊನೆಯ ಮನೆಯಲ್ಲಿ ನಿಮ್ಮ ಎದುರೇ ಕ್ಲೋರಿನ್ ಪರೀಕ್ಷೆ ಮಾಡಿಸಿ. ಚಿಕ್ಕ ಕಿಟ್ ಸಾಕು, ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣ ಬರದಿದ್ದರೆ ಆ ದಿನದ ತಾರೀಖು, ಹೊತ್ತು, ಮನೆ ನಂಬರು ಬರೆದು ಪಾಲಿಕೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.